ಕೊಂಬಿಗಿಂತ ಮೊದಲು ಮಾಂಸ: ಅಲಾಸ್ಕಾದ ಮೂಸ್ ಬೇಟೆ ಬಗ್ಗೆ

ಎಲ್ರಿಗೂ ನಮಸ್ಕಾರ. ಬೇಟೆ ಬಗ್ಗೆ ಉಪನ್ಯಾಸ ಅಂದ ತಕ್ಷಣ ಕೆಲವ್ರಿಗೆ ಕಸಿವಿಸಿ ಆಗಿರುತ್ತೆ, ಸಹಜ. 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಬೆಳೆದ ನಮ್ಗೆಲ್ಲ ಬಂದೂಕು ಹಿಡ್ಕೊಂಡು ಕಾಡಿಗೆ ಹೋದವನು ಕಳ್ಳನೇ. ಅಮೆರಿಕದ ಅಲಾಸ್ಕಾದಲ್ಲಿ ಹಂಗಲ್ಲ, ಅಲ್ಲಿ ವರ್ಷಕ್ಕೆ ಸುಮಾರು 7000 ಮೂಸ್ ಅನ್ನೋ ದೊಡ್ಡ ಜಿಂಕೆಗಳು ಕಾನೂನುಬದ್ಧವಾಗೇ ಬೇಟೆ ಆಗುತ್ವೆ, ಅದ್ರಲ್ಲಿ ಹೆಚ್ಚಿನದು ಅಲ್ಲಿನ ಜನರ ಮನೆ ಫ್ರೀಜರಿಗೇ ಹೋಗೋದು. ನಾನು ಇವತ್ತು ಮಾತಾಡೋದು ಉಳಿದ ಸಣ್ಣ ಭಾಗದ ಬಗ್ಗೆ, ಅಂದ್ರೆ ಹೊರಗಿಂದ ದುಡ್ಡು ಕೊಟ್ಟು, ಗೈಡ್ ಹಿಡಿದು, ದೊಡ್ಡ ಕೊಂಬಿಗೋಸ್ಕರ ಬರೋರ ಬಗ್ಗೆ. ಆ ಬೇಟೆ ಸರಿಯಾಗಿ ನಡೀತಾ ಇದ್ಯಾ ಇಲ್ವಾ ಅನ್ನೋದನ್ನ ಕೊಂಬು ನೋಡಿ ಅಲ್ಲ, ಮಾಂಸ ಎಲ್ಲಿಗೆ ಹೋಯ್ತು ಅಂತ ನೋಡಿ ಹೇಳ್ಬೇಕು, ಇದು ನನ್ನ ವಾದ.

ಮೂಸ್ ಜಿಂಕೆ ಜಾತಿಯಲ್ಲೇ ಅತಿ ದೊಡ್ಡ ಪ್ರಾಣಿ. ಅಲಾಸ್ಕಾ, ಕೆನಡಾದ ಯೂಕಾನ್ ಕಡೆಯ ಗಂಡು 700 ಕೆಜಿವರೆಗೂ ತೂಗುತ್ತೆ, ನಮ್ಮ ಬಂಡೀಪುರದ ದೊಡ್ಡ ಗಂಡು ಕಡವೆಯನ್ನ ಎರಡು ಪಟ್ಟು ಮಾಡಿದ್ರೂ ಇನ್ನೂ ಮಿಗುತ್ತೆ. ಕೊಂಬು ಪ್ರತಿ ಚಳಿಗಾಲ ಉದುರುತ್ತೆ, ವಸಂತದಲ್ಲಿ ಮತ್ತೆ ಹುಟ್ಟಿ ಆಗಸ್ಟ್ ಕೊನೆಗೆ ಪೂರ್ತಿ ಬೆಳೆದಿರುತ್ತೆ. ಸೆಪ್ಟೆಂಬರ್ ಬಂತು ಅಂದ್ರೆ ಬೇಟೆ ಸೀಸನ್.

ರಸ್ತೆ ಇಲ್ಲದ ಜಾಗ, ಹೋಗೋದು ಸೂಪರ್ ಕಬ್ ಥರದ ಪುಟ್ಟ ವಿಮಾನದಲ್ಲಿ, ನದಿ ಮಧ್ಯದ ಜಲ್ಲಿಕಲ್ಲಿನ ದಿಬ್ಬದ ಮೇಲೆ ಇಳೀತಾರೆ. ವಿಮಾನದಲ್ಲಿ ಬಂದ ದಿನ ಬೇಟೆ ಆಡೋ ಹಾಗಿಲ್ಲ, ಮಾರನೇ ದಿನ ಬೆಳಗಿನ ಜಾವ 3 ಗಂಟೆವರೆಗೆ ಕಾಯ್ಲೇಬೇಕು, ಮೇಲಿಂದ ಪ್ರಾಣಿ ನೋಡ್ಕೊಂಡು ಇಳಿದು ಹೊಡೀಬಾರ್ದು ಅಂತ. ಅಮೆರಿಕದವ್ರಿಗೆ ಮೂಸ್ ಬೇಟೆಗೆ ಗೈಡ್ ಕಡ್ಡಾಯ ಅಲ್ಲ, ಆದ್ರೆ ಬೇರೆ ದೇಶದಿಂದ ಬಂದವ್ರಿಗೆ ಕಡ್ಡಾಯ. ಪಕ್ಕದ ಕೆನಡಾದ ಯೂಕಾನ್‌ನಲ್ಲಿ ವ್ಯವಸ್ಥೆ ಬೇರೆ, ಅಲ್ಲಿ ಒಂದೊಂದು ಪ್ರದೇಶ ಒಬ್ಬೊಬ್ಬ ಔಟ್‌ಫಿಟರಿಗೆ, ಅಂದ್ರೆ ಬೇಟೆ ಟ್ರಿಪ್ ನಡೆಸೋನಿಗೆ, ಮೀಸಲು. ಅಲಾಸ್ಕಾದಲ್ಲೂ ಅಂಥ ಮೀಸಲು ಇತ್ತು, 1988ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನ ಹೊಡೆದುಹಾಕ್ತು, ಕಾಡುಪ್ರಾಣಿ ಎಲ್ಲರ ಸೊತ್ತು ಅನ್ನೋ ಸಂವಿಧಾನದ ಮಾತಿನ ಮೇಲೆ. ತತ್ವ ಸರಿನೇ. ಆದ್ರೂ ನಂಗೆ ಯೂಕಾನ್ ಪದ್ಧತಿಯಲ್ಲಿ ಒಂದು ಒಳ್ಳೇದು ಕಾಣುತ್ತೆ, ಮುಂದಿನ ವರ್ಷನೂ ಅದೇ ಕಣಿವೆಗೆ ಬರಬೇಕಾದವನು ಈ ವರ್ಷ ಅದನ್ನ ಖಾಲಿ ಮಾಡಲ್ಲ.

ಗೈಡ್ ಕೆಲಸ ಅಂದ್ರೆ ಏನು? ಮೊದಲು ಗಂಟೆಗಟ್ಲೆ ಗುಡ್ಡದ ಮೇಲೆ ಕೂತು ಬೈನಾಕ್ಯುಲರ್‌ನಲ್ಲಿ ವಿಲೋ ಪೊದೆಗಳನ್ನ ಜಾಲಾಡೋದು. ಆಮೇಲೆ ಕೂಗೋದು, ಬರ್ಚ್ ಮರದ ತೊಗಟೆ ಸುತ್ತಿದ ಕೊಳವೆಯಲ್ಲಿ ಹೆಣ್ಣಿನ ಥರ ಉದ್ದಕ್ಕೆ ನರಳೋದು, ಇಲ್ಲಾಂದ್ರೆ ಒಣಗಿದ ಭುಜದ ಮೂಳೆನ ಪೊದೆಗೆ ಉಜ್ಜೋದು, ಇನ್ನೊಂದು ಗಂಡು ಕೊಂಬು ತಿಕ್ಕಿದ ಹಾಗೆ ಕೇಳ್ಸುತ್ತೆ. ಗಂಡು ಬಂತು ಅಂತಿಟ್ಕೊಳ್ಳಿ, ಈಗ ಕಷ್ಟದ ಪ್ರಶ್ನೆ, ಇದು ಹೊಡೆಯೋ ಪ್ರಾಣಿನಾ? ಹೊರಗಿನವ್ರಿಗೆ ಬಹಳ ಕಡೆ ನಿಯಮ ಹೀಗೆ: ಕೊಂಬಿನ ಅಗಲ ಕಡಿಮೆ ಅಂದ್ರೂ 50 ಇಂಚು ಇರ್ಬೇಕು, ಇಲ್ಲಾ ಹಣೆ ಕಡೆಯ ಕವಲು ಒಂದು ಪಕ್ಕದಲ್ಲಾದ್ರೂ ಮೂರೋ ನಾಲ್ಕೋ ಇರ್ಬೇಕು, ಮೂರಾ ನಾಲ್ಕಾ ಅನ್ನೋದು ಜಾಗದ ಮೇಲೆ. ಇನ್ನೂರು ಮೀಟರ್ ದೂರದಲ್ಲಿ, ಮಳೆಯಲ್ಲಿ, ತಲೆ ಅಲ್ಲಾಡಿಸ್ತಿರೋ ಪ್ರಾಣಿದು 49 ಇಂಚಾ 51ಆ ಅಂತ ಹೇಳೋದು ಹುಡುಗಾಟ ಅಲ್ಲ. ಒಳ್ಳೆ ಗೈಡ್ ಅಗಲ ನಂಬಲ್ಲ, ಕವಲು ಎಣಿಸ್ತಾನೆ, ಎಣಿಸೋಕೆ ಆಗ್ಲಿಲ್ವಾ, ಬಿಟ್ಬಿಡ್ತಾನೆ, ಕಸ್ಟಮರ್ 20,000 ಡಾಲರ್ ಮೇಲೆ ಕೊಟ್ಟಿದ್ರೂ ಸರಿ. ಅಲಾಸ್ಕಾದ ಕೀನೈ ಪರ್ಯಾಯ ದ್ವೀಪದಲ್ಲಿ 1987ರಲ್ಲಿ ಈ ಥರದ ನಿಯಮ ಬಂದಿದ್ದೇ ಮಧ್ಯ ವಯಸ್ಸಿನ ಗಂಡುಗಳು ಉಳೀಲಿ ಅಂತ.

ಇನ್ನೊಂದು ವಿಷ್ಯಕ್ಕೂ ಒಳ್ಳೆ ಗೈಡ್ ಬೇಡ ಅಂತಾನೆ, ಪ್ರಾಣಿ ಕೆರೆ ನೀರಲ್ಲಿ ನಿಂತಿದ್ರೆ. ಮೂಸ್‌ಗೆ ನೀರಂದ್ರೆ ಪ್ರೀತಿ, ಗುಂಡು ಬಿದ್ರೆ ಅಲ್ಲೇ ಕುಸಿಯುತ್ತೆ, ಆಮೇಲೆ ಎದೆಮಟ್ಟ ತಣ್ಣೀರಲ್ಲಿ ನಿಂತು ಅಷ್ಟು ದೊಡ್ಡ ದೇಹವನ್ನ ಯಾರು ಕತ್ತರಿಸೋದು, ಯಾರು ಎಳೆಯೋದು?

ಗುಂಡಿನ ಸದ್ದು ಅಡಗಿದ್ಮೇಲೆನೇ ನಿಜವಾದ ಕೆಲಸ ಶುರು. ಹಿಂಗಾಲಿನ ಒಂದೇ ತೊಡೆ ಮೂಳೆ ಸಮೇತ 50 ಕೆಜಿ ದಾಟುತ್ತೆ, ಅದನ್ನ ಬೆನ್ನಿಗೆ ಕಟ್ಕೊಂಡು ಮೊಣಕಾಲುದ್ದ ಕೆಸರು, ಗುಪ್ಪೆ ಗುಪ್ಪೆಯಾಗಿ ಬೆಳೆದ ಹುಲ್ಲು, ವಿಲೋ ಸಂದಿಯಲ್ಲಿ ನದಿವರೆಗೆ ನಡೀಬೇಕು, ವಾಪಸ್ ಬರ್ಬೇಕು, ಮತ್ತೆ ಹೊರಬೇಕು, ಒಂದು ಪ್ರಾಣಿಗೆ ಹೀಗೆ ಎಷ್ಟೋ ಸಲ. ಅದಕ್ಕೇ ನದಿಯಿಂದ ಒಂದು ಮೈಲಿಗಿಂತ ಆಚೆ ಹೊಡೀಬೇಡಿ ಅಂತ ಅನುಭವಸ್ಥರು ಹೇಳೋದು. ಕತ್ತು, ಎದೆ, ಪಕ್ಕೆಲುಬಿನ ಮಾಂಸ, ಬೆನ್ನ ಪಟ್ಟಿ, ನಾಲ್ಕೂ ಕಾಲು, ಎಲ್ಲಾ ತರಲೇಬೇಕು, ಬಿಟ್ಟು ಬಂದ್ರೆ ಜೈಲಾಗುತ್ತೆ. ಕೊಂಬು ಬರೋದು ಕೊನೆ ಹೊರೆ ಮಾಂಸದ ಜೊತೆ, ಇಲ್ಲಾ ಅದರ ನಂತರ. ಇಡೀ ಬೇಟೆ ಕಾನೂನಲ್ಲಿ ನಂಗೆ ತುಂಬಾ ಇಷ್ಟವಾದ ಸಾಲು ಅದು. ಕ್ಯಾಂಪಲ್ಲಿ ಮಾಂಸನ ಬಟ್ಟೆ ಚೀಲದಲ್ಲಿ ಹಾಕಿ ಮರದ ಗಳಕ್ಕೆ ನೇತು ಹಾಕ್ತಾರೆ, ಮೇಲೆ ಟಾರ್ಪಾಲ್, ಕೆಳಗೆ ಗಾಳಿ ಆಡ್ಬೇಕು, ಒದ್ದೆ ಆದ್ರೆ ಹಾಳು, ಬಿಸಿಲು ಬಂದ್ರೆ ನೊಣ, ರಾತ್ರಿ ಕರಡಿ ಭಯ, ಮೋಡ ಕವಿದ್ರೆ ವಿಮಾನನೂ ಬರಲ್ಲ.

ಈಗ ನೋವಿನ ವಿಷ್ಯಕ್ಕೆ ಬರ್ತೀನಿ. ಅಲಾಸ್ಕಾದ ಕೊಯುಕುಕ್ ನದಿ ದಡದಲ್ಲಿರೋ ಅಥಬಾಸ್ಕನ್ ಅನ್ನೋ ಮೂಲನಿವಾಸಿಗಳ ಹಳ್ಳಿಗಳಿಗೆ ಮೂಸ್ ಅಂದ್ರೆ ಚಳಿಗಾಲದ ಊಟ. ಅವ್ರಿಗೆ ಬೇಕಿರೋದು ಸೆಪ್ಟೆಂಬರ್ ಶುರುವಿನ ಕೊಬ್ಬಿದ ಪ್ರಾಣಿ. ಟ್ರೋಫಿಗೆ, ಅಂದ್ರೆ ಗೋಡೆಗೆ ಹಾಕೋ ಕೊಂಬಿಗೆ, ಬಂದವನಿಗೆ ಬೇಕಿರೋದು ತಿಂಗಳ ಕೊನೆ, ಗಂಡು ಕೂಗಿಗೆ ಓಡಿ ಬರೋ ಕಾಲ, ಆಗ ಅದು ಮೇಯೋದು ಬಿಟ್ಟು ಬಡಕಲಾಗ್ತಾ ಇರುತ್ತೆ, ಮಾಂಸಕ್ಕೆ ವಾಸನೆ ಹಿಡಿದಿರುತ್ತೆ. ಅಲ್ಲಿ ಒಂದು ದೊಡ್ಡ ಪ್ರದೇಶದಲ್ಲಿ ಮೂಸ್ ಬೇಟೆಗೆ ವಿಮಾನ ಬಳಸೋ ಹಾಗೇ ಇಲ್ಲ. ಊಟಕ್ಕೋಸ್ಕರ ಕೊಡೋ ಪರ್ಮಿಟ್‌ನಲ್ಲಿ ಹೊಡೆದ್ರೆ ಕೊಂಬಿನ ಅಗಲವಾದ ಭಾಗವನ್ನ ಗರಗಸದಲ್ಲಿ ಕೊಯ್ದು ಹಾಕ್ತಾರೆ, ಗೋಡೆಗೆ ನೇತು ಹಾಕೋಕೆ ಬರ್ದೇ ಇರೋ ಹಾಗೆ. ಕೆಲವ್ರು ಇದು ಪ್ರಾಣಿಗೆ ಅವಮಾನ ಅಂತಾರೆ. ನಾನು ಒಪ್ಪಲ್ಲ. ಮಾಂಸಕ್ಕೇ ಬಂದವನಿಗೆ ಕೊಂಬು ಕೊಯ್ದ್ರೆ ಏನೂ ನಷ್ಟ ಇಲ್ಲ.

ಒಳ್ಳೆ ಗೈಡ್‌ಗಳು ಇದನ್ನ ಅರ್ಥ ಮಾಡ್ಕೊಂಡಿದ್ದಾರೆ, ಕಸ್ಟಮರ್ ತಗೊಂಡು ಹೋಗಲಾರದ ಮಾಂಸನ ಕಾಗದ ಬರೆದು ಸಹಿ ಹಾಕಿಸಿ ಹಳ್ಳಿಗೆ ಕೊಡ್ತಾರೆ. ಆದ್ರೆ ಕೊಟ್ಟಿದ್ದು ಕೊಳೆತ ಮಾಂಸ ಆಗಿದ್ರೆ ಅದು ದಾನ ಅಲ್ಲ, ಕಸ ಸಾಗಿಸಿದ ಹಾಗೆ. ನಿಮ್ಮ ಪರಿಚಯದವ್ರು ಯಾರಾದ್ರೂ ಅಮೆರಿಕದಲ್ಲಿದ್ದು ಇಂಥ ಟ್ರಿಪ್ ಬುಕ್ ಮಾಡೋ ಯೋಚನೆಯಲ್ಲಿದ್ರೆ, ಎಷ್ಟಿಂಚಿನ ಕೊಂಬು ಸಿಗುತ್ತೆ ಅಂತ ಕೇಳೋ ಮೊದಲು ಇದನ್ನ ಕೇಳೋಕೆ ಹೇಳಿ: ಮಾಂಸ ಹೊರೋರು ಎಷ್ಟು ಜನ, ವಿಮಾನ ತಡ ಆದ್ರೆ ಅದನ್ನ ಹೆಂಗೆ ಕಾಪಾಡ್ತೀರಿ, ಕೊನೆಗೆ ಅದು ಯಾರ ಮನೆಗೆ ಹೋಗುತ್ತೆ.