ಫ್ಲೆಕ್ಸಿನ ಮೇಲಿನ ಸಂಬಳ

ಕೇಳುಗರಿಗೆ ನಮಸ್ಕಾರ.

ಸಿಇಟಿ ರ‍್ಯಾಂಕ್ ಬಂದ ಮಾರನೇ ವಾರ ಸಕಲೇಶಪುರದ ಕಡೆಯ ಗೆಳೆಯರೊಬ್ಬರು ಹಾಸನಕ್ಕೆ, ನಮ್ಮ ಮನೆಗೆ ಬಂದರು. ಮೂರೆಕರೆ ಕಾಫಿ ತೋಟದವರು. ಮಗಳಿಗೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಗುವಂತಿದೆ. ಆದರೆ ಮೊಬೈಲಿನಲ್ಲಿ ಬೆಂಗಳೂರಿನ ಖಾಸಗಿ ಕಾಲೇಜೊಂದರ ಫ್ಲೆಕ್ಸಿನ ಫೋಟೊ: ಹುಡುಗನ ನಗುಮುಖ, ಪಕ್ಕದಲ್ಲಿ ದಪ್ಪಕ್ಷರದಲ್ಲಿ ಲಕ್ಷಗಳ ಪ್ಯಾಕೇಜು. ‘ಸಾಲ ಮಾಡಿಯಾದ್ರೂ ಇಲ್ಲಿಗೇ ಸೇರಿಸ್ಲಾ?’ ಅಂದರು.

‘ನರ್ಸರಿಯವನೊಬ್ಬ ತನ್ನ ರೊಬಸ್ಟಾ ಸಸಿ ನೆಟ್ಟವರಿಗೆಲ್ಲ ಭರ್ತಿ ಫಸಲು ಅಂತಾನೆ. ಕೊಂಡವರೆಲ್ಲ ಕೆರೆ ಇರುವವರು. ಕಾಫಿ ಹೂ ಅರಳಲು ಬೇಕಾದ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕುವವರು. ಫಸಲು ಸಸಿಯದೋ, ನೀರಿನದೋ?’ ಅಂದೆ.

‘ನೀರಿಂದೇ ಬಿಡಿ’ ಅಂತ ನಕ್ಕರು.

ಅಮೆರಿಕದಲ್ಲಿ ಸ್ಟೇಸಿ ಡೇಲ್, ಅಲನ್ ಕ್ರೂಗರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದೇ ಗಂಟನ್ನು, ಅಂದರೆ ಸಂಬಳ ಕಾಲೇಜಿನದೋ ಓದುವ ಮಕ್ಕಳದೋ ಎಂಬುದನ್ನು, ಬಿಚ್ಚಲು ಕೂತರು. 1976ರಲ್ಲಿ ಕಾಲೇಜು ಸೇರಿದವರಲ್ಲಿ, ಒಂದೇ ಮಟ್ಟದ ಕಾಲೇಜುಗಳಲ್ಲಿ ಸೀಟು ಸಿಕ್ಕವರನ್ನು ಪಕ್ಕಪಕ್ಕ ಇಟ್ಟು ನೋಡಿದರು. 2002ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ, ಹೆಸರಾಂತ ಕಾಲೇಜಿಗೆ ಹೋದವರೂ, ಸೀಟು ಸಿಕ್ಕಿಯೂ ಅಷ್ಟೇನೂ ಹೆಸರಿಲ್ಲದ ಕಡೆ ಓದಿದವರೂ ಮುಂದೆ ಹೆಚ್ಚುಕಡಿಮೆ ಒಂದೇ ಸಮ ದುಡಿದಿದ್ದರು. ಬಡವರ ಮನೆ ಮಕ್ಕಳು ಮಾತ್ರ ಬೇರೆ. ಅವರಿಗೆ ಹೆಸರಾಂತ ಕಾಲೇಜಿನಿಂದ ನಿಜಕ್ಕೂ ಸಂಬಳ ಏರಿತ್ತು. ಡೇಲ್, ಕ್ರೂಗರ್ ತೂಗಿದ್ದು ಖಾಸಗಿ, ಸರ್ಕಾರಿ ಅಂತಲ್ಲ. ಆದರೂ ತಕ್ಕಡಿ ನಮಗೂ ಆಗುತ್ತದೆ.

ನಮ್ಮಲ್ಲಿನ್ನೊಂದು ತಮಾಷೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯುಗೆ ಸೇರಿದ ಕಾಲೇಜು ಸರ್ಕಾರಿಯಾಗಲಿ ಖಾಸಗಿಯಾಗಲಿ, ಪದವಿ ಪತ್ರ ಬರುವುದು ಬೆಳಗಾವಿಯಿಂದಲೇ!

ಗೆಳೆಯರಿಗೆ ಇಷ್ಟು ಹೇಳಿ, ಅವರ ಎದುರೇ ಸಾಲದ ಲೆಕ್ಕ ಹಾಕಿದೆ. 8 ಲಕ್ಷಕ್ಕೆ ಶೇ. 10 ಬಡ್ಡಿಯಂತೆ 10 ವರ್ಷದ ಕಂತು ಅಂದರೆ ತಿಂಗಳಿಗೆ ಸುಮಾರು 10,570 ರೂಪಾಯಿ. ಇತ್ತ ಪ್ಯಾಕೇಜು ಅಂದಾಗ ಕಂಪನಿ ಕಟ್ಟುವ ಪಿಎಫ್, ಗ್ರಾಚುಟಿಯನ್ನೂ ಸಾಮಾನ್ಯವಾಗಿ ಅದರಲ್ಲೇ ತುಂಬಿರುತ್ತಾರೆ. ಅದೂ ಫ್ಲೆಕ್ಸಿಗೆ ಏರುವುದು ಎಲ್ಲರಿಗಿಂತ ಹೆಚ್ಚು ಸಿಕ್ಕ ಒಬ್ಬನದು. ಸಾಲಿನ ನಡುವೆ ನಿಂತ ಹುಡುಗನ ಸಂಬಳಕ್ಕೆ ಫ್ಲೆಕ್ಸ್ ಮಾಡಿಸುವವರನ್ನು ನಾನಂತೂ ಕಂಡಿಲ್ಲ.

ಗೆಳೆಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ನೀರಿಲ್ಲದವನೇ ಸಸಿ ನೋಡಿ ತರ್ಬೇಕು ಅಂದಂಗಾಯ್ತು. ನಮ್ಮನೇಲಿ ನೀರಿಲ್ವಲ್ಲ’ ಅಂದರು.

ಅದು ನಿಜ. ಮಗಳೇ ಆ ಮನೆಗೆ ಮೊದಲ ಪದವೀಧರೆ ಆಗುವವಳು. ಬೆಂಗಳೂರಿನ ಕಂಪನಿಯಲ್ಲಿ ಚಿಕ್ಕಪ್ಪ, ಮಾವ ಅಂತ ಯಾರೂ ಇಲ್ಲ. ಅಂಥವಳಿಗೆ ಕಾಲೇಜಿನ ಸೀನಿಯರ್‌ಗಳೇ ಬಂಧುಬಳಗ. ಹಾಗಾಗಿ ಸರ್ಕಾರಿ ಕಾಲೇಜಿಗೇ ಕಣ್ಣುಮುಚ್ಚಿ ಹಾಕಿ ಅನ್ನಲು ನನಗೆ ಬಾಯಿ ಬರಲಿಲ್ಲ. ಆ ಖಾಸಗಿ ಕಾಲೇಜಿನಲ್ಲೇ ಹೋದ ವರ್ಷ ಓದು ಮುಗಿಸಿದ ಅವರೂರಿನ ಹುಡುಗನಿಗೆ ಫೋನ್ ಮಾಡಿ, ಸಂಬಳ ಎಷ್ಟು ಕೇಳಿ ಅಂದೆ.

ಸ್ಪೀಕರ್ ಹಾಕಿ ಕೇಳಿದರು. ಆ ಕಡೆಯಿಂದ ಹುಡುಗ ಅಂದ: ‘ಯಾವ್ದು ಹೇಳ್ಲಿ ಅಂಕಲ್? ಫ್ಲೆಕ್ಸಲ್ಲಿರೋದಾ, ಕೈಗೆ ಬರೋದಾ?’