ಎಡದಂಡೆ ಕಾಲುವೆ ಮೇಲೆ ಪಂಕ್ಚರ್, ಮಧ್ಯೆ ಗಂಗಾ ಒಪ್ಪಂದ

ಇದು ತುಂಗಭದ್ರಾ ಎಡದಂಡೆ ಕಾಲುವೆ. ಮುನಿರಾಬಾದ್‌ನಲ್ಲಿ ಬಿಟ್ಟ ನೀರು ಸಿಂಧನೂರು ದಾಟಿ ಮಾನ್ವಿ ಕಡೆ ಬರುತ್ತದೆ. ಬರಬೇಕು, ಅಂತ ಹೇಳೋಣ. ದಂಡೆ ಮೇಲಿನ ಈ ಶಾಟ್ ಚೆನ್ನಾಗಿ ಬಂದಿದೆ ಅಲ್ವಾ? ಇರಿ, ಈಗ ಗಾಡಿ ಎಳೆಯುತ್ತದೆ.

ಹಾಂ, ಜಾಲಿ ಮುಳ್ಳು. ಅಂಗಡಿಯವರು ಟೈರ್ ತಿರುಗಿಸಿ ತಿರುಗಿಸಿ ನಾಲ್ಕು ತೂತು ಅಂದರು. ಒಂದಕ್ಕೆ 150, ಒಟ್ಟು 600 ರೂಪಾಯಿ! ನನಗೆ ಗುಳ್ಳೆ ಕಂಡಿದ್ದು ಒಂದೇ ಕಡೆ. "ಅಣ್ಣಾ, ಉಳಿದ ಮೂರು ಎಲ್ಲಿ?" ಅಂದೆ. "ಮುಳ್ಳು ಕಿತ್ತರ ಗಾಳಿ ಹೋಗ್ತದ ನೋಡ್ರಿ" ಅಂದರು. ಕಿತ್ತರು, ಹೋಯಿತು. ಮುಳ್ಳು ಕೀಳೋರೂ ಅವರೇ, ತೂತು ಎಣಿಸೋರೂ ಅವರೇ, ರೇಟು ಹೇಳೋರೂ ಅವರೇ. ಚೌಕಾಸಿ ಮಾಡಿ 450ಕ್ಕೆ ಇಳಿಸಿದೆ. ಗಾಳಿ ಫ್ರೀ ಅಂತೆ, ದೊಡ್ಡ ಉಪಕಾರ.

ಅಲ್ಲೇ ಕೂತಿದ್ದ ಕಾಕಾ ನಕ್ಕರು. ಅವರ ಹೊಲ ಕಾಲುವೆಯ ಕೊನೆ ಭಾಗದಲ್ಲಿದೆ. "ನಮ್ಮ ಗೇಜಿಂದೂ ಇದೇ ಹಣೆಬರಹ ತಮ್ಮಾ" ಅಂದರು. ಗೇಜ್ ಅಂದರೆ ಕಾಲುವೆಯಲ್ಲಿ ನೀರಿನ ಮಟ್ಟ ತೋರಿಸೋ ಅಳತೆ ಪಟ್ಟಿ. ಮೇಲೆ ಇಷ್ಟು ಬಿಟ್ಟಿದ್ದೀವಿ ಅಂತಾರೆ, ಕೆಳಗೆ ಬಂದು ನೋಡಿದರೆ ಗೇಜ್ ಇಳಿದಿರುತ್ತದೆ.

ದೇಶ ದೇಶಗಳ ನಡುವೆಯೂ ಜಗಳ ಇದೇ. ನಮ್ಮ ದೇವೇಗೌಡರು ಪ್ರಧಾನಿಯಾಗಿದ್ದಾಗ, 1996ರ ಡಿಸೆಂಬರ್ 12ರಂದು, ಆಗಿನ ಬಾಂಗ್ಲಾದೇಶ ಪ್ರಧಾನಿ ಶೇಖ್ ಹಸೀನಾ ಜೊತೆ ಗಂಗಾ ನೀರು ಹಂಚಿಕೊಳ್ಳೋ ಒಪ್ಪಂದಕ್ಕೆ ಸಹಿ ಹಾಕಿದರು. 30 ವರ್ಷದ ಒಪ್ಪಂದ. ಜನವರಿಯಿಂದ ಮೇವರೆಗೆ ಪಶ್ಚಿಮ ಬಂಗಾಳದ ಫರಕ್ಕಾ ಬ್ಯಾರೇಜಿನಲ್ಲಿ ನೀರು 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅರ್ಧ ಅರ್ಧ. 75,000 ದಾಟಿದರೆ ಭಾರತಕ್ಕೆ 40,000, ಉಳಿದದ್ದು ಅವರಿಗೆ. ನನಗೆ ಇಷ್ಟವಾಗಿದ್ದು ಲೆಕ್ಕಕ್ಕಿಂತ ಜಾಸ್ತಿ ಅಳತೆಯ ಏರ್ಪಾಡು. ಈ ಕಡೆ ಫರಕ್ಕಾ, ಆ ಕಡೆ ಹಾರ್ಡಿಂಜ್ ಸೇತುವೆ, ಎರಡೂ ಕಡೆ ಜಂಟಿ ತಂಡ ದಿನಾ ಅಳೆಯಬೇಕು. ಅಂಗಡಿಯಲ್ಲಿ ನನ್ನ ಕಡೆಯೋನು ಒಬ್ಬ ಕೂತು ತೂತು ಎಣಿಸಿದ್ದರೆ 150 ಕೊಟ್ಟು ಬರುತ್ತಿದ್ದೆ!

ಹಾಗಂತ ಪೂರ್ತಿ ಹೊಗಳೋದೂ ಬೇಡ. ನೀರು 50,000ಕ್ಕಿಂತ ಇಳಿದರೆ? ಕೂಡಲೇ ಕೂತು ಮಾತಾಡಿಕೊಳ್ಳಿ ಅಂತಷ್ಟೇ ಬರೆದಿದ್ದಾರೆ. ಬರ ಬಂದಾಗ ಮಾತು ಕುಡಿಯೋಕೆ ಆಗುತ್ತಾ?

ಸಹಿ ಎಲ್ಲಾ ಸುಮ್ನೆ ಅನ್ನೋಣ ಅಂದರೆ, ಪಾಕಿಸ್ತಾನದ ಜೊತೆಗಿನ 1960ರ ಸಿಂಧೂ ನೀರು ಒಪ್ಪಂದ 1965, 1971, ಕಾರ್ಗಿಲ್ ಮೂರೂ ಯುದ್ಧ ದಾಟಿ ಬಂತು. 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ದಾಳಿ ಆದ ಮೇಲೆ, ಭಾರತ ಅದನ್ನು ತಡೆಹಿಡಿಯಿತು. ಅಷ್ಟು ವರ್ಷ ಬಾಳಿದ್ದು ಸಣ್ಣ ಮಾತಲ್ಲ ಬಿಡಿ.

ಕಾಕಾ ಕೈ ತೋರಿಸುತ್ತಿರೋದು ತೂಬಿನ ಕಡೆ. ಅದನ್ನು ಹತ್ತಿರದಿಂದ... ಅಯ್ಯೋ, ಶಾಟ್ ಇಲ್ಲಿಗೇ ಕಟ್ ಆಗಿದೆ. ಮುಂದೆ ಊಟ, ಸಿಂಧನೂರು ಬಸ್ ಸ್ಟ್ಯಾಂಡ್ ಹತ್ತಿರ, ಜೋಳದ ರೊಟ್ಟಿ.