ಕ್ಯಾಲೆಂಡರ್ ತೆರೆದುಕೊಂಡರೆ ಸಾಲದು

ನಮಸ್ಕಾರ. ವೆಬ್ ಫಾರ್ಮ್‌ನಲ್ಲಿ ದಿನಾಂಕದ ಪೆಟ್ಟಿಗೆಯನ್ನು ಕ್ಲಿಕ್ ಮಾಡಿದಾಗ ಕ್ಯಾಲೆಂಡರ್ ತೆರೆದುಕೊಂಡು, ಆಯ್ದ ದಿನ ಪೆಟ್ಟಿಗೆಯೊಳಗೆ ಬಂದು ಕೂತರೆ, ಡೇಟ್ ಪಿಕರ್ ಅಳವಡಿಸಿದ್ದಾಯಿತು ಎಂದು ನಾವು ಮುಂದಿನ ಕೆಲಸಕ್ಕೆ ಹೋಗಿಬಿಡುತ್ತೇವೆ. ನನ್ನ ವಾದವೆಂದರೆ, ಕ್ಯಾಲೆಂಡರ್‌ನ ಬಣ್ಣ, ಭಾಷೆ, ಬಟನ್ನುಗಳಿಗಿಂತ ಮೊದಲು ತೀರ್ಮಾನವಾಗಬೇಕಾದದ್ದು ಆ ದಿನಾಂಕ ಯಾವ ಫಾರ್ಮ್ಯಾಟ್‌ನಲ್ಲಿ ಸರ್ವರ್‌ಗೆ ಹೋಗುತ್ತದೆ ಎಂಬುದು, ಮತ್ತು ಆ ತೀರ್ಮಾನ ಕೋಡ್‌ನಲ್ಲಿ ಒಂದೇ ಕಡೆ ಬರೆದಿರಬೇಕು. ಸರ್ವರ್‌ನಲ್ಲಿ ಓಡುವ ಪಿಎಚ್‌ಪಿ ಭಾಷೆಯ ಯೀ 2 ಫ್ರೇಮ್‌ವರ್ಕ್ ಮತ್ತು ಬ್ರೌಸರ್‌ನಲ್ಲಿ ಕ್ಯಾಲೆಂಡರ್ ತೋರಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ ಜೆಕ್ವೆರಿ ಯುಐಯನ್ನು ಬಳಸುವ ಅದರ ವಿಜೆಟ್ಟನ್ನೇ (ಸಿದ್ಧ ಘಟಕವನ್ನೇ) ಮುಂದಿಟ್ಟುಕೊಂಡು ಇದನ್ನು ವಿವರಿಸುತ್ತೇನೆ.

ತೊಂದರೆಯ ಮೂಲ ಇಲ್ಲಿದೆ: ದಿನಾಂಕದ ಫಾರ್ಮ್ಯಾಟ್ ಬರೆಯಲು ಈ ಒಂದು ಪೆಟ್ಟಿಗೆಯ ಸುತ್ತ ಮೂರು ಬೇರೆ ಬೇರೆ ಸಂಕೇತ ಪದ್ಧತಿಗಳಿವೆ. ಪಿಎಚ್‌ಪಿಯಲ್ಲಿ ನಾಲ್ಕಂಕಿಯ ವರ್ಷಕ್ಕೆ ಒಂದು ಕ್ಯಾಪಿಟಲ್ ವೈ. ಹಲವು ಭಾಷೆಗಳ ದಿನಾಂಕ ರೂಪಗಳನ್ನು ನಿಭಾಯಿಸುವ ಲೈಬ್ರರಿಯಾದ ಐಸಿಯುನ ಪದ್ಧತಿಯಲ್ಲಿ ನಾಲ್ಕು ಸ್ಮಾಲ್ ವೈ, ತಿಂಗಳಿಗೆ ಎರಡು ಕ್ಯಾಪಿಟಲ್ ಎಂ. ಅಲ್ಲಿ ಸ್ಮಾಲ್ ಎಂ ಬರೆದರೆ ಅದು ನಿಮಿಷ. ಜೆಕ್ವೆರಿ ಯುಐನಲ್ಲಿ ನಾಲ್ಕಂಕಿಯ ವರ್ಷಕ್ಕೆ ಎರಡೇ ಸ್ಮಾಲ್ ವೈ, ತಿಂಗಳಿಗೆ ಎರಡು ಸ್ಮಾಲ್ ಎಂ. ಎರಡು ಕ್ಯಾಪಿಟಲ್ ಎಂ ಬರೆದರೆ ತಿಂಗಳ ಪೂರ್ಣ ಹೆಸರು. 2024ರ ಮಾರ್ಚ್ 5 ಎಂಬ ದಿನಾಂಕಕ್ಕೆ ಐಸಿಯು ಫಾರ್ಮ್ಯಾಟನ್ನು ನೇರವಾಗಿ ಜೆಕ್ವೆರಿ ಯುಐಗೆ ಕೊಟ್ಟರೆ ಪೆಟ್ಟಿಗೆಯಲ್ಲಿ ‘20242024-ಮಾರ್ಚ್-05’ ಎಂದು ಮೂಡುತ್ತದೆ. ಪಿಎಚ್‌ಪಿ ಫಾರ್ಮ್ಯಾಟನ್ನು ಕೊಟ್ಟರೆ ವರ್ಷದ ಜಾಗದಲ್ಲಿ ವೈ ಎಂಬ ಅಕ್ಷರವೇ ಅಚ್ಚಾಗುತ್ತದೆ. ಇವು ಕಣ್ಣಿಗೆ ರಾಚುವ ತಪ್ಪುಗಳಾದ್ದರಿಂದ ಅಷ್ಟೇನೂ ಅಪಾಯಕಾರಿಯಲ್ಲ. ನೋಡಿದ ತಕ್ಷಣ ಯಾರಾದರೂ ತಿದ್ದುತ್ತಾರೆ.

ಈ ಗೊಂದಲಕ್ಕೆ ಯೀ 2ರಲ್ಲಿ ಒಳ್ಳೆಯ ವ್ಯವಸ್ಥೆಯೇ ಇದೆ. ಡೇಟ್ ಪಿಕರ್ ವಿಜೆಟ್‌ನ ಡೇಟ್ ಫಾರ್ಮ್ಯಾಟ್ ಪ್ರಾಪರ್ಟಿಗೆ ಐಸಿಯು ಫಾರ್ಮ್ಯಾಟ್ ಕೊಡಬಹುದು, ಅಥವಾ ಮುಂದೆ ಪಿಎಚ್‌ಪಿ ಮತ್ತು ಕೋಲನ್ ಸೇರಿಸಿ ಪಿಎಚ್‌ಪಿ ಫಾರ್ಮ್ಯಾಟ್ ಕೊಡಬಹುದು. ಜೆಕ್ವೆರಿ ಯುಐಗೆ ಬೇಕಾದಂತೆ ಅದನ್ನು ಬದಲಿಸಿಕೊಳ್ಳುವ ಹೊಣೆ ವಿಜೆಟ್‌ನದು. ಆದರೂ ಜೆಕ್ವೆರಿಯ ದಾಖಲೆಗಳನ್ನು ನೋಡಿಕೊಂಡು ಕ್ಲೈಂಟ್ ಆಪ್ಷನ್ಸ್ ಒಳಗೆ, ಅಂದರೆ ವಿಜೆಟ್ ಮೂಲಕ ಜೆಕ್ವೆರಿ ಯುಐಗೆ ಹೋಗುವ ಸೆಟ್ಟಿಂಗ್‌ಗಳ ಪಟ್ಟಿಯೊಳಗೆ, ಫಾರ್ಮ್ಯಾಟ್ ತುರುಕುವವರಿದ್ದಾರೆ. ವಿಜೆಟ್ ಅದರ ಮೇಲೆ ತನ್ನದನ್ನೇ ಬರೆದುಬಿಡುವುದರಿಂದ ಆ ಸಾಲು ಇದ್ದೂ ಇಲ್ಲದಂತೆ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ವಿಜೆಟ್‌ನಲ್ಲಿ ಫಾರ್ಮ್ಯಾಟ್ ಬರೆಯದೆ ಬಿಟ್ಟರೆ ಅದು ಅಪ್ಲಿಕೇಶನ್‌ನ ಫಾರ್ಮ್ಯಾಟರ್ ಕಾಂಪೊನೆಂಟ್‌ನಿಂದ (ದಿನಾಂಕಗಳಿಗೆ ತೋರಿಸುವ ರೂಪ ಕೊಡುವ ಭಾಗದಿಂದ) ಅದನ್ನು ಪಡೆಯುತ್ತದೆ, ಮತ್ತು ಬಂದ ದಿನಾಂಕ ಸರಿಯೇ ಎಂದು ಸರ್ವರ್‌ನಲ್ಲಿ ಪರೀಕ್ಷಿಸುವ, ಮಾಡೆಲ್‌ನ ಡೇಟ್ ವ್ಯಾಲಿಡೇಟರ್ ಕೂಡ ಅಲ್ಲಿಂದಲೇ ಪಡೆಯುತ್ತದೆ. ತೋರಿಸುವವರೂ ಪರೀಕ್ಷಿಸುವವರೂ ಒಂದೇ ಮೂಲದಿಂದ ಓದುವಾಗ ಪ್ರತಿ ವ್ಯೂ ಫೈಲಿನಲ್ಲೂ ಅದೇ ಫಾರ್ಮ್ಯಾಟನ್ನು ಮತ್ತೆ ಮತ್ತೆ ಬರೆಯುವುದರಲ್ಲಿ ಅರ್ಥವಿಲ್ಲ. ಒಂದೇ ಎಚ್ಚರಿಕೆ: ಆ ಕಾಂಪೊನೆಂಟ್‌ನ ಮೂಲ ಮೌಲ್ಯ ‘ಮೀಡಿಯಂ’, ಅದು ಭಾಷೆಯೊಂದಿಗೆ ರೂಪ ಬದಲಿಸುತ್ತದೆ, ಆದ್ದರಿಂದ ಕಾನ್ಫಿಗ್ ಫೈಲಿನಲ್ಲಿ ಸ್ಪಷ್ಟವಾದ ಫಾರ್ಮ್ಯಾಟನ್ನೇ ಬರೆಯಬೇಕು.

ಈಗ ಕಣ್ಣಿಗೆ ಕಾಣದ ತಪ್ಪಿಗೆ ಬರೋಣ. ದಿನ, ತಿಂಗಳು, ವರ್ಷಗಳನ್ನು ಈ ಕ್ರಮದಲ್ಲಿ ಓರೆಗೆರೆಯಿಂದ ಬೇರ್ಪಡಿಸಿದ ಫಾರ್ಮ್ಯಾಟನ್ನು ಆರಿಸಿಕೊಂಡಿದ್ದೀರಿ ಎಂದಿಟ್ಟುಕೊಳ್ಳಿ. ಫಾರ್ಮ್ಯಾಟ್ ಹೇಳದೆ ದಿನಾಂಕವನ್ನು ಕೊಟ್ಟಾಗ ಪಿಎಚ್‌ಪಿ ಓರೆಗೆರೆ ಇರುವುದನ್ನು ಅಮೆರಿಕದ ಕ್ರಮದಲ್ಲಿ, ಅಂದರೆ ತಿಂಗಳು ಮೊದಲು ಎಂದು ಓದುತ್ತದೆ. ಅಡ್ಡಗೆರೆ ಇದ್ದರೆ ದಿನ ಮೊದಲು ಎಂದು ಓದುತ್ತದೆ. ಬಳಕೆದಾರರೊಬ್ಬರು 05/03/2024 ಎಂದು ಆರಿಸಿ, ಅದೇ ಫಾರ್ಮ್‌ನ ಬೇರೊಂದು ಫೀಲ್ಡ್ ಖಾಲಿ ಬಿಟ್ಟು ಕಳುಹಿಸುತ್ತಾರೆ. ವ್ಯಾಲಿಡೇಶನ್ ಸೋಲುತ್ತದೆ, ಫಾರ್ಮ್ ಮರಳಿ ತೆರೆಯುತ್ತದೆ, ಆಗ ವಿಜೆಟ್ ಆ ಪಠ್ಯವನ್ನು ಮತ್ತೊಮ್ಮೆ ಫಾರ್ಮ್ಯಾಟರ್‌ಗೆ ಒಪ್ಪಿಸುತ್ತದೆ. ಫಾರ್ಮ್ಯಾಟರ್ ಅದನ್ನು ಮೇ 3 ಎಂದು ಓದಿ, 03/05/2024 ಎಂದು ಅಂದವಾಗಿ ಬರೆದು ಪೆಟ್ಟಿಗೆಯಲ್ಲಿಡುತ್ತದೆ. ಬಿಟ್ಟುಹೋದ ಫೀಲ್ಡನ್ನು ತುಂಬಿ ಮತ್ತೆ ಕಳುಹಿಸುವವರು ದಿನಾಂಕವನ್ನು ಎರಡನೆಯ ಸಲ ನೋಡುವುದು ಅಪರೂಪ. ಅದೇ 25/03/2024 ಇದ್ದಿದ್ದರೆ 25ನೆಯ ತಿಂಗಳು ಇಲ್ಲದ್ದರಿಂದ ಓದಲಾಗದೆ, ಮೂಲ ಪಠ್ಯ ಹಾಗೆಯೇ ಉಳಿಯುತ್ತಿತ್ತು. ಹೀಗಾಗಿ ತಿಂಗಳ ಕೊನೆಯಲ್ಲಿ ಅಂದಂದಿನ ದಿನಾಂಕ ಹಾಕಿ ಪರೀಕ್ಷಿಸುವವರಿಗೆ ಈ ದೋಷ ಕೈಗೆ ಸಿಗುವುದೇ ಇಲ್ಲ. ದಿನಾಂಕದ ಫಾರ್ಮ್ ಪರೀಕ್ಷಿಸುವಾಗ ದಿನ 12ಕ್ಕಿಂತ ಕಡಿಮೆ ಇರುವ, ದಿನವೂ ತಿಂಗಳೂ ಒಂದೇ ಆಗಿರದ ದಿನಾಂಕವನ್ನು ಹಾಕಿ, ಬೇಕೆಂದೇ ಬೇರೊಂದು ಫೀಲ್ಡನ್ನು ಖಾಲಿ ಬಿಡಬೇಕೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ವರ್ಷ ಮೊದಲು ಬರುವ, ಅಡ್ಡಗೆರೆಯ ಫಾರ್ಮ್ಯಾಟ್ ಈ ಗೊಂದಲವನ್ನು ಬುಡದಲ್ಲೇ ಕತ್ತರಿಸುತ್ತದೆ. ಬಳಕೆದಾರರಿಗೆ ಅದು ಒಗ್ಗುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಕಾಣುವುದು ಒಂದು, ಹೋಗುವುದು ಇನ್ನೊಂದು ಆಗಿರಲು ಅಡ್ಡಿಯಿಲ್ಲ: ಆಯ್ದ ದಿನಾಂಕವನ್ನು ಇನ್ನೊಂದು ಫೀಲ್ಡ್‌ನಲ್ಲಿ ಬೇರೆ ಫಾರ್ಮ್ಯಾಟ್‌ನಲ್ಲಿ ಬರೆದಿಡುವ ಜೆಕ್ವೆರಿ ಯುಐನ ಆಲ್ಟ್ ಫೀಲ್ಡ್ ಮತ್ತು ಆಲ್ಟ್ ಫಾರ್ಮ್ಯಾಟ್ ಇರುವುದೇ ಇದಕ್ಕಾಗಿ. ಬ್ರೌಸರ್‌ನ ಸ್ವಂತ ಡೇಟ್ ಇನ್‌ಪುಟ್ ಕೂಡ ಸ್ಥಳೀಯ ಕ್ರಮದಲ್ಲಿ ತೋರಿಸಿ, ಕಳುಹಿಸುವಾಗ ಸದಾ ವರ್ಷ-ತಿಂಗಳು-ದಿನ ಕ್ರಮವನ್ನೇ ಪಾಲಿಸುತ್ತದೆ. ಪಿಎಚ್‌ಪಿಯ ಇನ್ನೊಂದು ಫ್ರೇಮ್‌ವರ್ಕ್ ಸಿಂಫನಿ ತನ್ನ 7.0 ಆವೃತ್ತಿಯಿಂದ ದಿನಾಂಕದ ಫೀಲ್ಡನ್ನು ಮೂರು ಆಯ್ಕೆಪಟ್ಟಿಗಳ ಬದಲು ಈ ಒಂದೇ ಇನ್‌ಪುಟ್ ಆಗಿ ತೋರಿಸುವುದನ್ನು ಮೂಲ ಸ್ಥಿತಿಯಾಗಿಸಿತು. ಅದರ ಜೊತೆ ಸ್ವಂತ ಫಾರ್ಮ್ಯಾಟ್ ಕೊಡಲು ಹೋದರೆ ನೇರವಾಗಿ ಎಕ್ಸೆಪ್ಶನ್ (ದೋಷದ ಸೂಚನೆ) ಎಸೆಯುತ್ತದೆ. ಕೆಲವರಿಗೆ ಇದು ಕಿರಿಕಿರಿ. ನನಗಂತೂ ಈ ನಿಷ್ಠುರತೆ ಇಷ್ಟ.

ಕ್ಯಾಲೆಂಡರ್‌ನಲ್ಲಿ ಆರಿಸಬಹುದಾದ ಮೊದಲ ಮತ್ತು ಕೊನೆಯ ದಿನವನ್ನು ಗೊತ್ತುಮಾಡುವ ಮಿನ್ ಡೇಟ್, ಮ್ಯಾಕ್ಸ್ ಡೇಟ್‌ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅವು ಬಳಕೆದಾರರ ಅನುಕೂಲಕ್ಕಷ್ಟೇ, ಕಾವಲಿಗಲ್ಲ. ಅದೇ ಮಿತಿಯನ್ನು ಸರ್ವರ್‌ನ ವ್ಯಾಲಿಡೇಟರ್‌ನಲ್ಲೂ ಬರೆಯಲೇಬೇಕು.

ಕೊನೆಯದಾಗಿ ಜನ್ಮದಿನಾಂಕ. ಜೆಕ್ವೆರಿ ಯುಐನಲ್ಲಿ ವರ್ಷದ ಪಟ್ಟಿಯನ್ನು ಬೇಕೆಂದು ಕೇಳಿ ಪಡೆಯಬೇಕು; ಕೇಳಿದರೂ ಮೂಲ ಸ್ಥಿತಿಯಲ್ಲಿ ಅದು ಹತ್ತು ವರ್ಷ ಹಿಂದಕ್ಕೆ, ಹತ್ತು ವರ್ಷ ಮುಂದಕ್ಕೆ ಮಾತ್ರ. ಇಯರ್ ರೇಂಜ್ ಬದಲಿಸಿ ನೂರು ವರ್ಷ ಹಿಂದಕ್ಕೆ ಕೊಂಡೊಯ್ಯಬಹುದು, ನಿಜ. ಆದರೆ ಕ್ಯಾಲೆಂಡರ್ ಬೇಕಾಗುವುದು ವಾರ ನೋಡಿ ದಿನ ಗೊತ್ತುಮಾಡುವವರಿಗೆ. ತನ್ನ ಜನ್ಮದಿನಾಂಕವನ್ನು ಬಾಯಿಪಾಠವಾಗಿ ಬಲ್ಲವರಿಗೆ ಟೈಪ್ ಮಾಡಲು ಮೂರು ಸಣ್ಣ ಪೆಟ್ಟಿಗೆಗಳು ಸಾಕು, ಆ ಫೀಲ್ಡ್‌ನಲ್ಲಿ ನಾನು ಈ ವಿಜೆಟ್ಟನ್ನು ಹಾಕುವುದೇ ಇಲ್ಲ.